ಎರಡು ಸೂಜಿಯ ಹೊಲಿಗೆ

ಮದ್ರಾಸಿನ ಕೊರಟ್ಟೂರಿನಲ್ಲಿರುವ ನಮ್ಮ ಮನೆಯಿಂದ ಅಂಬತ್ತೂರು ಎಸ್ಟೇಟಿನಲ್ಲಿರುವ ನನ್ನ ಕಾರ್ಖಾನೆಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಪಂಪುಗಳ ಬಿಡಿಭಾಗಗಳಿಗೆ ನಕ್ಷೆ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ. ಸ್ಕೂಟರ್ ತೆಗೆದುಕೋ ಎಂದು ಎಲ್ಲರೂ ಹೇಳಿದರು, ನನಗೆ ಬೇಕೆನಿಸಲಿಲ್ಲ. ಮದುವೆಯಾಗು ಎಂದೂ ಹೇಳಿದರು, ಅದೂ ಬೇಕೆನಿಸಲಿಲ್ಲ. ಅಮ್ಮ ಮತ್ತು ನಾನು, ಮೊದಲನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ, ಕೆಳಗೆ ಮೆಟ್ಟಿಲ ಪಕ್ಕದಲ್ಲಿ ಸೈಕಲ್ಲು.

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ, ಕಾರ್ಖಾನೆಯ ಗೇಟಿಗೆ ಇನ್ನೆರಡು ತಿರುವು ಇರುವಾಗ, ಎದುರಿಗೆ ಒಂದು ಶೇರ್ ಆಟೋ ನಿಂತಿತು. ನಾನು ಬ್ರೇಕ್ ಒತ್ತಿದೆ. ಒತ್ತಿದೆನೆಂದುಕೊಂಡೆ, ಅಷ್ಟೆ. ಬಲಗೈ ಬ್ರೇಕಿನ ಮೇಲೆಯೇ ಇತ್ತು. ಬೆರಳುಗಳು ಮಾತ್ರ ಅಲುಗಲಿಲ್ಲ. ಆಟೋದ ಹಿಂಬದಿಗೆ ಬಡಿದು ಬಿದ್ದೆ. ಎದ್ದು ಡ್ರೈವರನ ಹತ್ತಿರ ಕ್ಷಮೆ ಕೇಳಲು ಹೋದರೆ ನಾಲಿಗೆ ಹೊರಳಲಿಲ್ಲ. ಆತ ಬೈಯುವುದಕ್ಕೆಂದೇ ಇಳಿದು ಬಂದವನು, ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಒಳಗಿದ್ದ ಜನರನ್ನೆಲ್ಲ ಇಳಿಸಿ ನನ್ನನ್ನು ಕೂರಿಸಿಕೊಂಡು ನೇರವಾಗಿ ಆಸ್ಪತ್ರೆಗೆ ಓಡಿಸಿದ. ಹೊತ್ತಿಗೆ ಸರಿಯಾಗಿ ಬಂದಿರಿ, ಮಿದುಳಿನ ಸಣ್ಣ ರಕ್ತನಾಳವೊಂದು ಮುಚ್ಚಿಕೊಂಡಿದೆ ಎಂದರು ಡಾಕ್ಟರು.

ಮಾತು ಎರಡು ವಾರದಲ್ಲಿ ಮರಳಿತು. ಕಾಲು ಒಂದು ತಿಂಗಳಲ್ಲಿ. ಬಲಗೈ ಮಾತ್ರ ಯಾರದೋ ಕೈಯನ್ನು ತಂದು ನನ್ನ ಭುಜಕ್ಕೆ ತಗುಲಿಹಾಕಿದಂತೆ ಉಳಿಯಿತು. ಎತ್ತಬಹುದು, ಇಳಿಸಬಹುದು, ಲೋಟ ಹಿಡಿಯಬಹುದು. ಆದರೆ ಲೋಟ ಬಿಸಿಯೋ ತಣ್ಣಗೋ ತಿಳಿಯದು. ಚೀಲದೊಳಗೆ ಕೈ ಹಾಕಿದರೆ ಬೀಗದಕೈ ಯಾವುದು, ಪೆನ್ನು ಯಾವುದು ಗೊತ್ತಾಗದು. ಕಾರ್ಖಾನೆಯವರು ಒಳ್ಳೆಯವರು, ಅರ್ಧ ದಿನ ಬಂದರೆ ಸಾಕು ಎಂದರು. ಬಸ್ಸಿನಲ್ಲಿ ಹೋಗಿ, ಎಡಗೈಯಲ್ಲಿ ಮೌಸ್ ಹಿಡಿದು, ಒಂದು ಗಂಟೆಯ ನಕ್ಷೆಗೆ ಮೂರು ಗಂಟೆ ತೆಗೆದುಕೊಂಡು ಮನೆಗೆ ಬರುತ್ತಿದ್ದೆ.

ಕೈಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋ ಹುಡುಗಿ ಒಂದು ದಿನ ಕೇಳಿದಳು: "ಈ ಕೈ ಏನು ಮಾಡಬೇಕು ಅಂತ ಆಸೆ ನಿಮಗೆ?"

"ಬ್ರೇಕ್ ಹಿಡಿಯಬೇಕು," ಎಂದೆ.

ಅವಳು ನಗಲಿಲ್ಲ. "ಹಾಗಾದರೆ ರಬ್ಬರ್ ಚೆಂಡು ಹಿಸುಕಿದರೆ ಸಾಲದು ಮೇಡಂ. ಎರಡು ಕೈಯೂ ಒಟ್ಟಿಗೆ ಮಾಡುವ ಕೆಲಸ ಯಾವುದಾದರೂ ಹುಡುಕಿಕೊಳ್ಳಿ. ಇಷ್ಟಪಟ್ಟು ಮಾಡುವಂಥದ್ದು," ಎಂದಳು.

ನಾನು ಹುಡುಕಲಿಲ್ಲ. ಅದಾಗಿಯೇ ಸಿಕ್ಕಿತು. ಸೈಕಲ್ ಬಿದ್ದಾಗ ಸೀಟಿನ ಹಿಂದೆ ತೂಗುಹಾಕಿದ್ದ ರೆಕ್ಸಿನ್ ಚೀಲ ರಸ್ತೆಗೆ ಉಜ್ಜಿ ಹರಿದುಹೋಗಿತ್ತು. ಪಂಕ್ಚರ್ ಸಾಮಾನು, ಒಂದು ಸ್ಪಾನರ್, ಮಳೆಗೆ ಮಡಚಿಟ್ಟ ಪ್ಲಾಸ್ಟಿಕ್ ಕವರು ಇಡುವಷ್ಟು ಪುಟ್ಟ ಚೀಲ. ಸೈಕಲ್ ಓಡಿಸುವ ದಿನ ಇನ್ನೂ ದೂರವಿತ್ತು. ಆದರೂ ಚೀಲವನ್ನು ಹೊಲಿಸಿಡೋಣ ಎನ್ನಿಸಿತು. ಹೊಲಿಸಿಟ್ಟರೆ ಆ ದಿನ ಬಂದೇ ಬರುತ್ತದೆ ಎಂದು ಒಂದು ಹುಚ್ಚು ಲೆಕ್ಕ.

ಕೊರಟ್ಟೂರು ಸ್ಟೇಷನ್ನಿನ ಸಬ್‌ವೇ ಬಾಯಲ್ಲಿ ಚಪ್ಪಲಿ ಹೊಲಿಯುವ ಹೆಂಗಸೊಬ್ಬರು ಕೂರುತ್ತಾರೆ. ಅರವತ್ತು ದಾಟಿರಬೇಕು. ಮೇಲೆ ಬಣ್ಣ ಮಾಸಿದ ದೊಡ್ಡ ಕೊಡೆ, ಮುಂದೆ ಒಂದು ಕಲ್ಲು, ಪಕ್ಕದಲ್ಲಿ ಮರದ ಪೆಟ್ಟಿಗೆ. ಹನ್ನೆರಡು ವರ್ಷದಿಂದ ನನ್ನ ಚಪ್ಪಲಿಗಳಿಗೆ ಅವರದೇ ಹೊಲಿಗೆ. ಆದರೆ ಅವರ ಮುಖ ನೋಡಿ ನಾನು ಮಾತಾಡಿದ್ದು ಬಹಳ ಕಡಿಮೆ. ಚಪ್ಪಲಿ ಬಿಟ್ಟು, ತಮಿಳಿನಲ್ಲಿ ಒಂದು ಮಾತು ಹೇಳಿ, ಆಚೆ ನಿಲ್ಲುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ರೆಕ್ಸಿನ್ ಚೀಲವನ್ನು ತಿರುಗಿಸಿ ನೋಡಿ ಅವರು ತಮಿಳಿನಲ್ಲೇ ಹೇಳಿದರು: "ಇದು ಬಟ್ಟೆಗೆ ಪ್ಲಾಸ್ಟಿಕ್ ಬಳಿದದ್ದು. ಹೊಲಿದರೆ ಹೊಲಿದ ಕಡೆಯೇ ಮತ್ತೆ ಹರಿಯುತ್ತೆ. ತೊಗಲಿನಲ್ಲಿ ಮಾಡಿಸಿಕೊಳ್ಳಿ."

ಆಗ ಅವರ ತೊಡೆಯ ಮೇಲೆ ಯಾರದೋ ಬೆಲ್ಟು ಅರ್ಧ ಹೊಲಿದು ಬಿದ್ದಿತ್ತು. ಅವರು ಅದನ್ನೆತ್ತಿಕೊಂಡು ಹೊಲಿಗೆ ಮುಂದುವರಿಸಿದರು, ನಾನು ನಿಂತು ನೋಡಿದೆ. ಒಂದೇ ದಾರ, ಅದರ ಎರಡು ತುದಿಗೆ ಎರಡು ಸೂಜಿ. ತೂತಿನೊಳಗೆ ಎಡಗೈಯ ಸೂಜಿ ಬಲಕ್ಕೆ ಬಂತು, ಅದೇ ತೂತಿನೊಳಗೆ ಬಲಗೈಯ ಸೂಜಿ ಎಡಕ್ಕೆ ಹೋಯಿತು. ಆಮೇಲೆ ಎರಡು ಕೈಯೂ ಒಟ್ಟಿಗೆ ಹೊರಕ್ಕೆ ಚಾಚಿ ದಾರವನ್ನು ಬಿಗಿದವು. ಎರಡಕ್ಕೂ ಸರಿಸಮ ಕೆಲಸ. ಫಿಸಿಯೋ ಹುಡುಗಿ ಹೇಳಿದ್ದು ಇದೇ ಎನ್ನಿಸಿತು.

"ಅಕ್ಕಾ, ಚೀಲ ನೀವು ಮಾಡಿಕೊಡಬೇಡಿ. ನನಗೆ ಹೇಳಿಕೊಡ್ತೀರಾ?" ಎಂದು ತಮಿಳಿನಲ್ಲಿ ಕೇಳಿದೆ. ಕೈಯ ವಿಷಯ ಹೇಳಲಿಲ್ಲ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಲ್ಲಿ ಕೂತುಕೊಳ್ತೀರಾ?" ಎಂದರು. ರಸ್ತೆಯ ಪಕ್ಕ, ಸ್ಟೇಷನ್ನಿಗೆ ಹೋಗಿಬರುವವರ ಕಾಲುಗಳ ಎತ್ತರಕ್ಕೆ, ಎಂಬುದು ಆ ಪ್ರಶ್ನೆಯ ಅರ್ಥ.

"ಕೂತ್ಕೊಳ್ತೀನಿ," ಎಂದೆ.

ಮೊದಲ ಶನಿವಾರ ಹಳೆಯ ಚಪ್ಪಲಿಯ ಎರಡು ತುಂಡು ಕೊಟ್ಟು ಹೊಲಿಯಲು ಹೇಳಿದರು. ಹತ್ತು ನಿಮಿಷವಾಗಿರಬಹುದು. ಅವರು ಗಕ್ಕನೆ ನನ್ನ ಮಣಿಕಟ್ಟು ಹಿಡಿದರು. ನೋಡಿದರೆ ಬಲಗೈಯ ಉಂಗುರ ಬೆರಳಿನಿಂದ ರಕ್ತ ತೊಟ್ಟಿಕ್ಕುತ್ತಿದೆ, ತೊಗಲಿನ ಮೇಲೆಲ್ಲ ಆಗಿದೆ. ಸೂಜಿ ಯಾವಾಗ ಚುಚ್ಚಿತೋ ನನಗೆ ತಿಳಿದೇ ಇರಲಿಲ್ಲ.

"ಅಯ್ಯೋ, ನೋವೇ ಆಗಲಿಲ್ಲವಲ್ಲ," ಎಂದು ನನ್ನಷ್ಟಕ್ಕೆ ಗೊಣಗಿದೆ.

"ನೋವಾಗ್ಲಿಲ್ವಾ? ಯಾಕಮ್ಮ ಆಗ್ಲಿಲ್ಲ?" ಎಂದರು ಅವರು.

ನಾನು ತಲೆಯೆತ್ತಿದೆ. ಅವರೂ ನನ್ನನ್ನೇ ನೋಡುತ್ತಿದ್ದರು. 

"ನೀವು ಕನ್ನಡದವರಾ?"

"ಮನೇಲಿ ಅದೇಯ. ನಮ್ಮೋರು ಕೃಷ್ಣಗಿರಿ ಕಡೆಯೋರು. ನೀನೂ ಅಂಗಾರೆ…" ಎಂದು ನಿಲ್ಲಿಸಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಏಟು ವರ್ಸದಿಂದ ಇಬ್ರೂ ತಮಿಳ್ನಾಗೆ ಮಾತಾಡ್ಕಂಡು ಸತ್ವಲ್ಲಮ್ಮ!"

ನಾನೂ ನಕ್ಕೆ. ಆಮೇಲೆ ಕೈಯ ಕತೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ಬೆರಳಿಗೆ ಬಟ್ಟೆಯ ಚೂರು ಸುತ್ತಿ ಕಟ್ಟಿ, ಅವರು ಹೇಳಿದ್ದು ಇಷ್ಟೇ: "ಅಂಗಾರೆ ಕಣ್ಣಲ್ಲಿ ನೋಡ್ಕಂಡು ಹೊಲಿ. ಕೈಗೆ ಗೊತ್ತಾಗಾ ಗಂಟ ಕಣ್ಣು ಹೇಳ್ಕೊಡ್ಲಿ."

ಚರ್ಮ ತರಲು ಇಬ್ಬರೂ ಒಟ್ಟಿಗೆ ಪೆರಿಯಮೇಟಿಗೆ ಹೋದೆವು. ಲೋಕಲ್ ರೈಲಿನಲ್ಲಿ ಸೆಂಟ್ರಲ್‌ವರೆಗೆ, ಅಲ್ಲಿಂದ ನಡಿಗೆ. ರೈಲಿನಲ್ಲಿ ಅಕ್ಕ ತಮ್ಮ ಕತೆ ಹೇಳಿದರು. ಕೆಲಸ ಕಲಿತದ್ದು ಮಾವನಿಂದ. ಗಂಡನಿಗೆ ಈ ಕೆಲಸ ಹಿಡಿಸಲಿಲ್ಲ, ಪೇಂಟಿಂಗಿಗೆ ಹೋದರು. ಮಾವ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ಸೊಸೆ ಕೂತಾಗ ನೆಂಟರೆಲ್ಲ ಬೈದರಂತೆ. "ಹೆಂಗ್ಸು ರೋಡಲ್ಲಿ ಕೂತ್ಕಂಡು ಚಪ್ಲಿ ಹೊಲಿಯಾದಾ ಅಂದ್ರು. ಕೈಲಿ ಕೆಲ್ಸ ಐತೆ, ಜಾಗ ಐತೆ, ಇನ್ನೇನ್ ಬೇಕು ಅಂದೆ. ಮಗಳನ್ನ ಓದಿಸ್ದೆ, ಈಗ ಶೋಳಿಂಗನಲ್ಲೂರಲ್ಲಿ ಕೆಲ್ಸಕ್ಕೆ ಓಗ್ತಾಳೆ. ಕನ್ನಡದಾಗೆ ಕೇಳಿದ್ರೆ ತಮಿಳ್ನಾಗೆ ಹೇಳ್ತಾಳೆ," ಎಂದರು.

ಪೆರಿಯಮೇಟಿನ ಓಣಿಗಳಲ್ಲಿ ಚರ್ಮವನ್ನು ಚಾಪೆಯ ಹಾಗೆ ಸುತ್ತಿ ನಿಲ್ಲಿಸಿರುತ್ತಾರೆ. ಅಂಗಡಿಯವರೆಲ್ಲ ನನ್ನ ಜೊತೆಯೇ ಮಾತಾಡಿದರು. ನಾನು ಅಕ್ಕನ ಕಡೆ ತೋರಿಸಿದೆ. ಅಕ್ಕ ಒಂದೊಂದನ್ನೂ ಮಡಿಸಿ, ಉಗುರಿನಿಂದ ಗೀರಿ, ಮೂಸಿ, ಮೂರು ಅಂಗಡಿ ದಾಟಿದ ಮೇಲೆ ಒಂದು ಕಂದು ತುಂಡನ್ನು ಒಪ್ಪಿದರು. ಮರದ ತೊಗಟೆ, ಕಾಯಿಗಳ ನೀರಿನಲ್ಲಿ ಹದ ಮಾಡಿದ್ದು, ರಾಸಾಯನಿಕ ಹಾಕಿದ್ದಲ್ಲ ಎಂದರು. ಮಗುವಿನ ಕೆನ್ನೆ ಮುಟ್ಟುವಂತೆ ಅದನ್ನು ಮುಟ್ಟಿದರು. ನಾನು ಬಲಗೈಯಿಂದ ಮುಟ್ಟಿದೆ. ಏನೂ ತಿಳಿಯಲಿಲ್ಲ. ಎಡಗೈಯಿಂದ ಮುಟ್ಟಿದೆ, ತಣ್ಣಗೆ, ನುಣ್ಣಗೆ, ಸ್ವಲ್ಪ ಜಿಡ್ಡು.

ಇನ್ನು ಮನೆ. ನಮ್ಮದು ಮೂರು ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಮದ್ರಾಸಿಗೆ ಬಂದ ವೈಷ್ಣವ ಕುಟುಂಬ. ಅಮ್ಮನಿಗೆ ಎಂಬತ್ತೊಂದು. ಚಪ್ಪಲಿ ಬಾಗಿಲಿನಾಚೆ, ನನ್ನ ಪರ್ಸು ಬಾಗಿಲ ಹಿಂದಿನ ಮೊಳೆಗೆ; ಅದರಿಂದ ಒಳಕ್ಕೆ ಚರ್ಮ ಎಂದೂ ಬಂದದ್ದಿಲ್ಲ. ನಾನು ಸುರುಳಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಂತೆ ಅಮ್ಮ ಬಾಗಿಲಲ್ಲೇ ತಡೆದರು.

"ಏನೇ ಅದು?"

"ಚರ್ಮ. ಸೈಕಲ್ಲಿಗೆ ಚೀಲ ಮಾಡ್ತೀನಿ."

"ನಿಂಗೆ ಬೇರೆ ಕೆಲಸ ಸಿಕ್ಕಲಿಲ್ವೇ? ಹೂ ಕಟ್ಟು ಅಂದೆ, ಬತ್ತಿ ಹೊಸಿ ಅಂದೆ, ಅದಾವುದೂ ಬೇಡ, ಇದು ಬೇಕಾ?"

"ಬತ್ತಿ ಹೊಸೆಯೋಕೆ ಒಂದೇ ಕೈ ಸಾಕು ಅಮ್ಮಾ."

ಅಮ್ಮ ನನ್ನ ಬಲಗೈಯನ್ನೊಮ್ಮೆ ನೋಡಿದರು. ಆಮೇಲೆ, "ಮೊಟ್ಟೈ ಮಾಡೀಲಿ ಇಟ್ಕೋ. ಒಳಗೆ ಕೂಡದು. ಕೈ ತೊಳೆದು ಬಾ," ಎಂದರು. ತಾರಸಿಗೆ ನಾವು ಹೇಳುವುದೇ ಹಾಗೆ, ತಮಿಳಿನ ಹೆಸರಲ್ಲಿ. ಹಾಗೆ ತಾರಸಿ ನನ್ನ ಕಾರ್ಖಾನೆಯಾಯಿತು. ನೀರಿನ ಟ್ಯಾಂಕಿನ ನೆರಳು ಬೀಳುವ ಕಡೆ ಒಂದು ಮಣೆ ಹಾಕಿಕೊಂಡೆ.

ಮೊದಲು ಕಾಗದದಲ್ಲಿ ನಕ್ಷೆ ಬರೆದೆ. ಮುಂಭಾಗ, ಹಿಂಭಾಗ, ಎರಡನ್ನೂ ಸೇರಿಸುವ ಉದ್ದ ಪಟ್ಟಿ, ಮುಚ್ಚಳ, ಸೀಟಿಗೆ ಬಿಗಿಯುವ ಎರಡು ವಾರು. ಎಲ್ಲದಕ್ಕೂ ಅರ್ಧ ಮಿಲಿಮೀಟರಿನ ಲೆಕ್ಕ. ಶನಿವಾರ ಒಯ್ದು ತೋರಿಸಿದರೆ ಅಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಚೆಂದಾಗೈತೆ. ಆದ್ರೆ ತೊಗಲು ಕಬ್ಣ ಅಲ್ಲ ಕಣಮ್ಮ. ಅದು ಇಗ್ಗತದೆ, ಕುಗ್ಗತದೆ. ಒಸಿ ಜಾಗ ಬಿಡು ಅದ್ಕೆ."

ನನಗದು ತಲೆಗೆ ಹೋಗಲಿಲ್ಲ. ಕತ್ತರಿಸುವ ಚಪ್ಪಟೆ ಕತ್ತಿ, ಅವರ ಬಾಯಲ್ಲಿ ಅದು ರಂಪಿಗೆ, ಅದನ್ನು ಒಂದು ವಾರಕ್ಕೆ ನನಗೆ ಕೊಟ್ಟರು. ತಾರಸಿಯಲ್ಲಿ ಮುಚ್ಚಳವನ್ನು ಗೆರೆಯ ಮೇಲೆ ಸರಿಯಾಗಿ ಕತ್ತರಿಸುತ್ತ ಬಂದೆ. ಕೊನೆಯ ಮೂಲೆಯಲ್ಲಿ ಬಲಗೈ ಹೇಳದೆ ಕೇಳದೆ ಸಡಿಲಾಯಿತು. ಕತ್ತಿ ಜಾರಿ ಮುಚ್ಚಳದ ನಡುವಿನವರೆಗೂ ಸೀಳಿತು. ಆ ದಿನ ನಾನು ಟ್ಯಾಂಕಿಗೆ ಒರಗಿ ಕೂತು ಬಹಳ ಹೊತ್ತು ಅತ್ತೆ. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ.

ಅಮ್ಮ ಒಣಗಿದ ಬಟ್ಟೆ ತೆಗೆಯಲು ಬಂದವರು ನೋಡಿದರು. ಅಳಬೇಡ ಎನ್ನಲಿಲ್ಲ. ಚರ್ಮದಿಂದ ಒಂದು ಮಾರು ದೂರದಲ್ಲಿ ನಿಂತು ಮೂಗರಳಿಸಿದರು.

"ಏನೇ ಇದು, ಅಳಲೆಕಾಯಿ ವಾಸನೆ ಬರ್ತಿದೆ?"

"ಅದರ ನೀರಲ್ಲೇ ಹದ ಮಾಡ್ತಾರಂತೆ. ತಂಗಡಿ ತೊಗಟೇನೂ ಹಾಕ್ತಾರಂತೆ."

"ಅಳಲೆಕಾಯೀನಾ? ನಿಂಗೆ ಕೆಮ್ಮು ಬಂದಾಗ ತೇಯ್ದು ನೆಕ್ಕಿಸ್ತಿದ್ದೆನಲ್ಲ, ಅದೇನಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಬಟ್ಟೆಯನ್ನು ತೋಳಿಗೆ ಹಾಕಿಕೊಂಡು ಇನ್ನೂ ಎರಡು ಹೆಜ್ಜೆ ಹತ್ತಿರ ಬಂದು ಬಗ್ಗಿ ನೋಡಿದರು. "ಸೀಳಿದ್ರೆ ಏನಂತೆ? ಹರಿದ ರವಿಕೆಗೆ ತೇಪೆ ಹಾಕೋದಿಲ್ವಾ? ಅಡ್ಡಕ್ಕೆ ಒಂದು ಪಟ್ಟಿ ಕೊಟ್ಟು ಹೊಲಿ."

ಮುಂದಿನ ಶನಿವಾರ ಅಕ್ಕ ಹೇಳಿದ್ದೂ ಅದನ್ನೇ. ಸೀಳಿನ ಮೇಲೆ ಒಂದು ಪಟ್ಟಿ ಕೂರಿಸಿ ಎರಡೂ ಅಂಚಿಗೆ ಹೊಲಿದೆವು. ಈಗ ನೋಡಿದವರು ಅದನ್ನು ಅಲಂಕಾರಕ್ಕೆ ಹಾಕಿದ್ದು ಎಂದುಕೊಳ್ಳುತ್ತಾರೆ.

ಆಕಾರ ಬರಿಸಲು ಚರ್ಮವನ್ನು ನೆನೆಸಿ ಯಾವುದಾದರೂ ಗಟ್ಟಿ ವಸ್ತುವಿಗೆ ಬಿಗಿದು ಕಟ್ಟಿ ಒಣಗಿಸಬೇಕು. ಸರಿಯಾದ ಅಳತೆಯದು ನನಗೆ ಸಿಕ್ಕಿದ್ದು ಒಂದೇ, ನನ್ನ ಸ್ಟೀಲಿನ ಟಿಫಿನ್ ಡಬ್ಬಿ. ಎರಡು ದಿನ ಅದು ತಾರಸಿಯಲ್ಲಿ ಚರ್ಮ ಸುತ್ತಿಕೊಂಡು ಕೂತಿತ್ತು. ಮೂರನೆಯ ದಿನ ಅಮ್ಮ ಡಬ್ಬಿ ಹುಡುಕಿದರು. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಆ ಡಬ್ಬಿ ಮತ್ತೆ ಅಡುಗೆಮನೆಗೆ ಬರಲಿಲ್ಲ. ಈಗ ಅದರಲ್ಲಿ ನನ್ನ ಸೂಜಿ, ಮೇಣ, ದಾರ ಇವೆ. ಚರ್ಮ ಇಟ್ಟಿದ್ದ ಜಾಗಕ್ಕೆ ಅಮ್ಮ ಇವತ್ತಿಗೂ ನೀರು ಚಿಮುಕಿಸುತ್ತಾರೆ.  ಆದರೆ ಅದೇ ಅಮ್ಮ ಒಂದು ದಿನ, ಅಕ್ಕ ಸೈಕಲ್ಲಿಗೆ ಅಳತೆ ನೋಡಲು ನಮ್ಮ ಮನೆಯ ಕೆಳಗೆ ಬಂದಾಗ, ಬಾಲ್ಕನಿಯಿಂದ ಬಗ್ಗಿ ಕೇಳಿದರು:

"ಯಾವ ಊರಮ್ಮಾ ನಿಮ್ಮದು?"

"ಕೃಷ್ಣಗಿರಿ ಪಕ್ಕ ಕಣವ್ವ. ಈಗ ಇದೇ ಊರು."

"ನಮಗೂ ಇದೇ ಊರು," ಎಂದರು ಅಮ್ಮ. "ನಮ್ಮವಳ ಕೈಗೆ ಬುದ್ಧಿ ಕಲಿಸ್ತಾ ಇದೀರಂತೆ. ನಿಧಾನಕ್ಕೆ ಕಲಿಸಿ, ಅವಸರದವಳು." ಅವರಿಬ್ಬರ ನಡುವೆ ಒಂದು ಮಹಡಿಯ ಅಂತರ ಹಾಗೆಯೇ ಉಳಿಯಿತು, ಆದರೆ ಮಾತು ಕಾಲು ಗಂಟೆ ನಡೆಯಿತು.

ಹೊಲಿಗೆಗೆ ಐದು ವಾರ ಹಿಡಿಯಿತು. ಹಳೆಯ ಊಟದ ಫೋರ್ಕಿನ ಹಲ್ಲು ಒತ್ತಿ ಸಮದೂರಕ್ಕೆ ಗುರುತು ಮಾಡಿಕೊಳ್ಳುವುದು, ಗುರುತಿದ್ದಲ್ಲಿ ಚೂಪು ಉಳಿಯಿಂದ ತೂತು, ದಾರಕ್ಕೆ ಜೇನುಮೇಣ, ಆಮೇಲೆ ಎಡದ ಸೂಜಿ, ಬಲದ ಸೂಜಿ, ಎಳೆತ. ಮಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಸಾಲೆಲ್ಲ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಮೊದಲ ವಾರ ಒಂದು ಗಂಟೆಗೆ ಆರು ಹೊಲಿಗೆ. ಬಲಗೈ ಸಡಿಲವಾಗಿ ಎಳೆಯುತ್ತಿತ್ತು, ಎಡಗೈ ಜೋರಾಗಿ, ಸಾಲು ಒಂದು ಕಡೆಗೆ ವಾಲುತ್ತಿತ್ತು. ಅಕ್ಕ ಮೂರು ಸಲ ಬಿಚ್ಚಿಸಿದರು. "ಬಲಗೈಗೆ ಕಾಯ್ತಿರು. ಎಡಗೈನ ಓಡೋಕೆ ಬಿಡ್ಬೇಡ," ಎನ್ನುತ್ತಿದ್ದರು. ಗಟ್ಟಿ ಕೈಯನ್ನು ತಡೆದು ನಿಲ್ಲಿಸುವುದು ಸೋತ ಕೈಯನ್ನು ಎಳೆದು ತರುವುದಕ್ಕಿಂತ ಕಷ್ಟವೆಂದು ಆಗಲೇ ನನಗೆ ತಿಳಿದದ್ದು.

ನಾಲ್ಕನೆಯ ವಾರ, ಸಬ್‌ವೇ ಬಾಯಲ್ಲಿ, ಹಿಂಭಾಗದ ಪಟ್ಟಿ ಹೊಲಿಯುತ್ತಿದ್ದೆ. ಆವಡಿ ಕಡೆಯ ರೈಲು ಬಂದು ಜನ ಇಳಿದು ನಮ್ಮ ಮುಂದೆಯೇ ಹಾದುಹೋಗುತ್ತಿದ್ದರು. ಇದ್ದಕ್ಕಿದ್ದಂತೆ, "ಸ್ಸ್!" ಎಂದು ಬಲಗೈ ಹಿಂದಕ್ಕೆಳೆದುಕೊಂಡೆ.

"ಏನಾಯ್ತು?"

"ಚುಚ್ಚಿತು."

"ನೋಡ್ಕಂಡು ಮಾಡು ಅಂದಿಲ್ವಾ…" ಎಂದು ಶುರುಮಾಡಿದ ಅಕ್ಕ ಅಲ್ಲಿಗೇ ನಿಲ್ಲಿಸಿದರು. ಕೈಲಿದ್ದ ಚಪ್ಪಲಿಯನ್ನು ಕೆಳಗಿಟ್ಟರು. "ನೋವಾಯ್ತಾ?"

"ನೋವಾಯ್ತು ಅಕ್ಕಾ."

"ಜೋರಾಗಾ?"

"ಜೋರಾಗೇ ಆಯ್ತು!"

ಅವರು ನನ್ನ ಬೆರಳನ್ನು ತಮ್ಮ ಎರಡು ಕೈಯೊಳಗೆ ಹಿಡಿದು ಕೂತರು. ಅವರ ಅಂಗೈ ಒರಟಾಗಿತ್ತು. ಒರಟು ಎಂದು ನನಗೆ ಗೊತ್ತಾಯಿತು, ಅದೇ ಬೆರಳಿಗೆ. ಆಚೆ ಹೂ ಮಾರುವವಳು ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದಳು. 

ಎಲ್ಲವೂ ಮರಳಿತೆಂದು ಹೇಳಲಾರೆ. ಕಿರುಬೆರಳು ಇನ್ನೂ ಮಂದ. ಪೆನ್ನು ಹಿಡಿದು ಪುಟವಿಡೀ ಬರೆದರೆ ಕೊನೆಯ ಸಾಲು ಇಳಿಜಾರಿಗೆ ಹೋಗುತ್ತದೆ. ಆದರೆ ಬೀಗದಕೈಯನ್ನು ನೋಡದೆಯೇ ಚೀಲದಿಂದ ತೆಗೆಯುತ್ತೇನೆ. ಅಂಚುಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ಹೊಳಪು ಬರಿಸಿ, ಬಕಲ್ ಹಾಕಿ, ಆರನೆಯ ವಾರ ಚೀಲವನ್ನು ಸೀಟಿನ ಹಿಂದೆ ಬಿಗಿದೆ. ಹೊಲಿಗೆ ಮೊದಲರ್ಧ ಸೊಟ್ಟ, ಉಳಿದರ್ಧ ನೆಟ್ಟಗೆ. ಡಾಕ್ಟರು ಒಪ್ಪಿಗೆ ಕೊಟ್ಟ ಮರುದಿನ ಬೆಳಿಗ್ಗೆ ಏಳಕ್ಕೆ ಸೈಕಲ್ ಹೊರತೆಗೆದು ಎಸ್ಟೇಟಿನವರೆಗೆ ಹೋದೆ. ಇಪ್ಪತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ. ಬೇಕಿಲ್ಲದ ಕಡೆಯೂ ಬ್ರೇಕ್ ಹಿಡಿದೆ. ಗೇಟಿನಲ್ಲಿದ್ದ ಕಾವಲುಗಾರ ಎದ್ದು ನಿಂತು ಕೈ ಮುಗಿದ. ನಾನೂ ಇಳಿದು ಕೈ ಮುಗಿದೆ.

ಆ ಸಂಜೆ ಅಕ್ಕನಿಗೆ ತೋರಿಸಲೆಂದು ಸ್ಟೇಷನ್ನಿನ ಕಡೆಗೆ ತಿರುಗಿಸಿದೆ. ಅವರು ಚೀಲವನ್ನು ಎಳೆದು, ವಾರುಗಳನ್ನು ಪರೀಕ್ಷಿಸಿ, "ಗಟ್ಟಿ ಐತೆ," ಎಂದರು. ಕೈ ಮಾತ್ರ ಸೀಟಿನ ಮೇಲೆಯೇ ಉಳಿಯಿತು.

"ಇದ್ನ ಕಲಿಯೋಕೆ ಏಟು ದಿನ ಬೇಕು?"

"ಯಾರು ಕಲಿಯೋಕೆ?"

"ನಾನೇ ಕಣಮ್ಮ. ಇನ್ಯಾರು?" ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಚಿಕ್ಕೋಳಿದ್ದಾಗ ಅಣ್ಣನ ಸೈಕಲ್ಲು ಮುಟ್ಟಿದ್ರೆ ಒಡೀತಿದ್ರು. ಆಮೇಕೆ ಮದ್ವೆ. ಆಮೇಕೆ ಯಾರು ಕೇಳ್ತಾರೆ?"

ಈಗ ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಮೈದಾನದಲ್ಲಿರುತ್ತೇವೆ. ಕ್ರಿಕೆಟ್ ಆಡುವವರು ಬರುವುದಕ್ಕೆ ಮುಂಚೆ ಒಂದು ಗಂಟೆ ನಮ್ಮದು. ಅಕ್ಕ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಳಗೆ ಮಗಳ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರುತ್ತಾರೆ. ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತೇನೆ. ಮೊದಲ ಭಾನುವಾರ ಎರಡು ಸಲ ಬಿದ್ದರು, ಮಂಡಿಯ ಮಣ್ಣು ಕೊಡವಿಕೊಂಡು ಎದ್ದು ಸೈಕಲ್ಲನ್ನೇ ಬೈದರು. ನೆಲ ನೋಡಬೇಡಿ, ದೂರ ನೋಡಿ ಎಂದು ನಾನು ಕೂಗುತ್ತಿದ್ದೆ.

ಹೋದ ಭಾನುವಾರ ನನ್ನ ಉಸಿರು ಕಟ್ಟಿ ನಡುವೆಯೇ ನಿಂತುಬಿಟ್ಟೆ. ಅಕ್ಕನಿಗೆ ಅದು ತಿಳಿಯಲಿಲ್ಲ. "ಬಿಡ್ಬೇಡ ಕಣಮ್ಮ, ಬಿಡ್ಬೇಡ!" ಎನ್ನುತ್ತಲೇ ಅರ್ಧ ಮೈದಾನ ದಾಟಿ, ಬೇವಿನ ಮರದ ಹತ್ತಿರ ತಿರುಗಿಸಿಕೊಂಡು, ಎದುರಿನಿಂದ ನನ್ನ ಕಡೆಗೇ ಬರತೊಡಗಿದರು. ನಾನು ಹಿಂದಿಲ್ಲ, ಮುಂದೆ ನಿಂತಿದ್ದೇನೆ ಎಂದು ಆಗ ಅವರಿಗೆ ಕಂಡಿತು. ಕಣ್ಣುಗಳು ಅರಳಿದವು. ನಿಲ್ಲಿಸಲು ಗೊತ್ತಿರಲಿಲ್ಲ, ಅದನ್ನಿನ್ನೂ ಹೇಳಿಕೊಟ್ಟಿರಲಿಲ್ಲ. ನಗುತ್ತಾ, ಕೂಗುತ್ತಾ, ನನ್ನನ್ನು ಬಳಸಿಕೊಂಡು ಮತ್ತೊಂದು ಸುತ್ತು ಹೊರಟರು.